ಆತೆಯ ಊರಿನಲ್ಲಿ ಲೆಚೋನ್

ಸಿಂಗಪುರದ ನಮ್ಮ ಮನೆಯಲ್ಲಿ ಬಹುಕಾಲ ಒಬ್ಬರು ಅತ್ತೆಯೂ ಒಬ್ಬಳು ಆತೆಯೂ ಇದ್ದರು. ಅತ್ತೆಯವರು ನನ್ನ ಪತಿಯ ತಾಯಿ, ಮೈಸೂರಿನ ಒಂಟಿಕೊಪ್ಪಲಿನವರು. ಆತೆ ಎಂದರೆ ಫಿಲಿಪೀನ್ಸಿನವರ ಮಾತಿನಲ್ಲಿ ಅಕ್ಕ. ನನ್ನ ಮಗಳು ನಾಲ್ಕು ತಿಂಗಳ ಕೂಸಾಗಿದ್ದಾಗ, 2011ರಲ್ಲಿ, ಅವಳನ್ನು ನೋಡಿಕೊಳ್ಳಲೆಂದು ನಮ್ಮ ಮನೆಗೆ ಬಂದವಳು ಕ್ರಮೇಣ ಮನೆಮಂದಿಗೆಲ್ಲ ಆತೆಯಾದಳು. ನಾನು ಹಜಾರದಿಂದ ಕೂಗಿದರೆ ಅಡುಗೆಮನೆಯಿಂದ ಇಬ್ಬರೂ ಓಗೊಡುತ್ತಿದ್ದರು. ನಾನು ಕರೆದದ್ದು ಯಾರನ್ನೆಂಬ ಚರ್ಚೆ ಮುಗಿಯುವಷ್ಟರಲ್ಲಿ ಏತಕ್ಕೆ ಕರೆದೆನೆಂಬುದೇ ನನಗೆ ಮರೆತುಹೋಗುತ್ತಿತ್ತು.

ಈ ಬರಹ ಆ ಆತೆಯ ಊರಿನಲ್ಲಿ ಒಂದು ಶನಿವಾರ ಬೆಳಗ್ಗೆ ನಾವು ಕೆಂಡದಲ್ಲಿ ಸುಟ್ಟ ಹಂದಿಮಾಂಸವನ್ನು ತಿನ್ನಲು ಹೋದದ್ದನ್ನು ಕುರಿತದ್ದು. ನಮ್ಮ ಸಂಘದ ಅನೇಕ ಮನೆಗಳಲ್ಲಿ ಊಟದ ಹೊತ್ತಿಗೆ ಈ ಮಾತನ್ನು ಎತ್ತುವುದಿಲ್ಲವೆಂದು ಬಲ್ಲೆ. ಆದರೂ ಸಸ್ಯಾಹಾರಿ ಮಿತ್ರರು ಓದನ್ನು ಇಲ್ಲಿಗೇ ನಿಲ್ಲಿಸಬೇಕಾಗಿಲ್ಲ. ನನ್ನ ಪತಿಯೂ ಆ ದಿನ ಜೊತೆಗಿದ್ದರು. ಅವರ ಹೊಟ್ಟೆಯೂ ತುಂಬಿತು.

ನಾನು ಕೊಡಗಿನವಳು. ಮನೆಮಾತು ಕೊಡವ ತಕ್ಕ್, ಓದಿದ್ದು ಬರೆದದ್ದು ಕನ್ನಡ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ, ಕತ್ತಿಗಳ ಪೂಜೆ ಮುಗಿದ ಮೇಲೆ ಪಂದಿಕರಿ ಮತ್ತು ಕಡಂಬುಟ್ಟು ಇಲ್ಲದ ಊಟವನ್ನು ನಮ್ಮ ಕಡೆ ಹಬ್ಬದೂಟವೆಂದು ಕರೆಯುವುದಿಲ್ಲ. ಮದುವೆಯಾಗಿ ಮೈಸೂರಿನ ಮನೆ ಸೇರಿದ ಮೇಲೆ, ನಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯುವುದಿಲ್ಲವೆಂಬುದಕ್ಕೆ ನಾನು ಮನಸಾರೆ ಒಪ್ಪಿದ್ದೆ. ಅತ್ತೆಯವರೂ ನಾನು ಹೊರಗೆ ಏನು ತಿಂದೆನೆಂದು ಎಂದೂ ಕೇಳಿದವರಲ್ಲ. ಹೀಗೆ ನಮ್ಮ ಮನೆಯಲ್ಲಿ ಹಂದಿಮಾಂಸದ ರುಚಿ ಬಲ್ಲವರು ಇಬ್ಬರೇ: ನಾನು ಮತ್ತು ಆತೆ.

ಸಿಂಗಪುರದಲ್ಲಿ ಮನೆಗೆಲಸದವರಿಗೆ ವಾರಕ್ಕೊಂದು ರಜೆ, ಇಲ್ಲವೇ ಅದರ ಬದಲಿಗೆ ಹಣ ಎಂಬ ನಿಯಮ ಬಂದದ್ದು 2013ರ ಜನವರಿಯಿಂದ. ಆತೆ ರಜೆಯನ್ನೇ ಆರಿಸಿಕೊಂಡವಳು. ಭಾನುವಾರ ಬೆಳಗಾದರೆ ಇಗರ್ಜಿ; ಅಲ್ಲಿಂದ ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾ. ಆ ಕಟ್ಟಡಕ್ಕೆ ಭಾನುವಾರ ಹೋಗಿ ಬಂದವರಿಗೆ ವಿವರಿಸಬೇಕಾಗಿಲ್ಲ. ಊರಿಗೆ ಹಣ ಕಳುಹಿಸುವ ಸಾಲು, ಊರಿಗೆ ಕಳುಹಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗಳ ರಾಶಿ, ಮೆಟ್ಟಿಲ ಮೇಲೆ ಕುಳಿತು ಹಂಚಿಕೊಂಡು ಉಣ್ಣುವ ಗೆಳತಿಯರು. ಸಂಜೆ ಮರಳಿದವಳು ಮೊದಲು ಸ್ನಾನ ಮಾಡಿ, ಆಮೇಲೆಯೇ ಅಡುಗೆಮನೆಗೆ ಕಾಲಿಡುತ್ತಿದ್ದಳು. ಇದು ಯಾರೂ ವಿಧಿಸಿದ ನಿಯಮವಲ್ಲ. ಅತ್ತೆಯವರ ಮಡಿಯನ್ನು ಕಂಡು ತಾನೇ ಮಾಡಿಕೊಂಡದ್ದು. ರಾತ್ರಿ ಪಾತ್ರೆ ಒರೆಸುವಾಗ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, ‘ಇವತ್ತು ಲೆಚೋನ್ ತಿಂದೆ ಮ್ಯಾಮ್’ ಎನ್ನುವಳು. ಚರ್ಮ ಗರಿಗರಿಯಾಗಿತ್ತೇ, ಹುಳಿ ಯಾವುದು ಹಾಕಿದ್ದರು ಎಂದು ನಾನೂ ತಗ್ಗಿದ ದನಿಯಲ್ಲೇ ವಿಚಾರಿಸುವೆನು. ಉತ್ತರ ಪ್ರತಿ ವಾರವೂ ಒಂದೇ: ‘ಇದೇನೂ ಅಲ್ಲ ಮ್ಯಾಮ್. ನೀವು ನಮ್ಮೂರಿಗೆ ಬನ್ನಿ. ನಾನು ತಿನ್ನಿಸುತ್ತೇನೆ.’

ಆಕೆಯ ಊರು ಸೆಬು ದ್ವೀಪದ ಕಾರ್ಕಾರ್ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿ. ಲೆಚೋನ್ ಎಂಬುದು ಸ್ಪೇನಿನವರು ಬಿಟ್ಟುಹೋದ ಹೆಸರು. ಅವರಲ್ಲಿ ಅದು ಹಾಲು ಕುಡಿಯುವ ಹಂದಿಮರಿಗೆ ಸಲ್ಲುವ ಪದ. ಹೆಸರು ಹೊರಗಿನಿಂದ ಬಂದರೂ ಹಂದಿ ಅಲ್ಲಿಯದೇ. 1521ರಲ್ಲಿ ಮೆಗೆಲನ್ನನೊಡನೆ ಸೆಬುವಿಗೆ ಬಂದಿಳಿದ ಇಟಲಿಯ ಪಿಗಫೆಟ್ಟ, ಅಲ್ಲಿ ಇಬ್ಬರು ವೃದ್ಧೆಯರು ಕುಣಿಯುತ್ತ ಸೂರ್ಯನಿಗೆ ಹಂದಿಯನ್ನು ಬಲಿಕೊಟ್ಟ ವಿಧಿಯನ್ನು ತನ್ನ ಪ್ರವಾಸಕಥನದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಸೆಬುವಿನ ಕ್ರಮದಲ್ಲಿ ಹಂದಿಯ ಹೊಟ್ಟೆಯೊಳಗೆ ಮಜ್ಜಿಗೆಹುಲ್ಲು, ಈರುಳ್ಳಿ ಹೂವು, ಬೆಳ್ಳುಳ್ಳಿ, ಉಪ್ಪು ತುಂಬಿ ಹೊಲಿಯುತ್ತಾರೆ. ಬಿದಿರಿನ ಗಳುವಿಗೆ ಪೋಣಿಸಿ, ಇದ್ದಿಲ ಕೆಂಡದ ಮೇಲೆ ಗಂಟೆಗಟ್ಟಲೆ ಕೈಯಿಂದಲೇ ತಿರುಗಿಸುತ್ತಾರೆ. ರಾಜಧಾನಿ ಮನಿಲಾದ ಕಡೆ ಈಲಿಯಿಂದ ಮಾಡಿದ ಗಟ್ಟಿ ಗೊಜ್ಜಿನೊಡನೆ ತಿನ್ನುವ ರೂಢಿಯಿದ್ದರೆ, ಸೆಬುವಿನವರು ಅದನ್ನು ಒಪ್ಪುವುದಿಲ್ಲ. ಮಾಂಸಕ್ಕೆ ಒಳಗಿನಿಂದಲೇ ರುಚಿ ಬಂದಿರುವಾಗ ಗೊಜ್ಜೇಕೆ ಎಂಬುದು ಅವರ ವಾದ. ಬಿಸಿಬೇಳೆ ಭಾತಿಗೆ ತರಕಾರಿ ಎಷ್ಟಿರಬೇಕೆಂದು ನಮ್ಮಲ್ಲಿ ನಡೆಯುವ ವಾದಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಆತೆ ನಮ್ಮ ಮನೆಯಲ್ಲಿದ್ದದ್ದು ಹನ್ನೊಂದು ವರ್ಷ. ಅತ್ತೆಯವರು ಆಕೆಗೆ ಸಾರಿನ ಪುಡಿ ಹುರಿಯುವುದನ್ನು ಕಲಿಸಿದರು, ಒಬ್ಬಟ್ಟಿನ ಕಣಕ ನಾದುವುದನ್ನು ಕಲಿಸಿದರು, ಜೊತೆಗೆ ಒಂದಷ್ಟು ಕನ್ನಡವನ್ನೂ ಕಲಿಸಿದರು. ನಮ್ಮ ಸಂಘದ ಯುಗಾದಿ ಊಟಕ್ಕೆ ನಾನು ತರುತ್ತಿದ್ದ ಒಬ್ಬಟ್ಟನ್ನು ಮೆಚ್ಚಿದವರೆಲ್ಲರೂ ಮೆಚ್ಚಿದ್ದು ಆತೆಯ ಕೈಗುಣವನ್ನು. ಅತ್ತೆಯವರು 2019ರಲ್ಲಿ ತೀರಿಕೊಂಡರು. 2021ರ ಡಿಸೆಂಬರ್ 16ರ ರಾತ್ರಿ ಒಡೆಟ್ ಚಂಡಮಾರುತ ಸೆಬುವಿನ ಮೇಲೆ ಹಾದುಹೋದಾಗ ಆತೆಯ ಮನೆಯ ಮಾಡು ಹಾರಿಹೋಯಿತು. ಆಕೆಯ ವೃದ್ಧ ತಾಯಿಯೂ ಮಗಳೂ ನೆರೆಮನೆಯ ಮೂಲೆಯಲ್ಲಿ ರಾತ್ರಿ ಕಳೆದರು. ಕೆಲವು ತಿಂಗಳ ನಂತರ, 2022ರಲ್ಲಿ, ‘ಇನ್ನು ಸಾಕು ಮ್ಯಾಮ್’ ಎಂದು ಹೇಳಿ ಆಕೆ ಊರಿಗೆ ಮರಳಿದಳು. ‘ಸಾಕು’ ಎಂಬುದನ್ನು ಕನ್ನಡದಲ್ಲೇ ಹೇಳಿದಳು.

2024ರ ಜೂನ್ ರಜೆಯಲ್ಲಿ ನಾವು ಮೂವರೂ ಸೆಬುವಿಗೆ ಹೋದೆವು. ಸಿಂಗಪುರದಿಂದ ನಾಲ್ಕು ಗಂಟೆಗಳ ಒಳಗಿನ ವಿಮಾನಯಾನ. ಶನಿವಾರ ಬೆಳಗ್ಗೆ ಆರಕ್ಕೆಲ್ಲ ಸೆಬು ನಗರದಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ಕಾರ್ಕಾರ್ ಅಲ್ಲಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. ತಾಲಿಸಾಯ್, ಮಿಂಗ್ಲಾನಿಲ್ಯ, ನಾಗಾ, ಸ್ಯಾನ್ ಫರ್ನಾಂಡೋ ಎಂದು ಊರುಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಎಡಗಡೆ ಮನೆಗಳ ಸಂದಿಯಲ್ಲಿ ಆಗಾಗ ಕಡಲು ಇಣುಕುತ್ತದೆ. ತೆಂಗು, ಬಾಳೆ, ಅಂಗಳದಲ್ಲಿ ಕೋಳಿ, ರಸ್ತೆಬದಿಯಲ್ಲಿ ಹಲ್ಲುಜ್ಜುತ್ತ ನಿಂತ ಮಕ್ಕಳು. ‘ಮಂಗಳೂರಿನಿಂದ ಉಡುಪಿಗೆ ಹೋದಂತಿದೆ’ ಎಂದು ನನ್ನ ಪತಿ ಹೇಳಿದರು. ಮಂಗಳೂರು, ಉಡುಪಿ ಎರಡನ್ನೂ ಅಜ್ಜಿಯ ಮಾತಿನಲ್ಲಷ್ಟೇ ಬಲ್ಲ ಮಗಳು ಫೋನಿನಿಂದ ತಲೆಯೆತ್ತದೆ ‘ಹೂಂ’ ಎಂದಳು.

ಪಟ್ಟಣದ ನಡುವಿನ ವೃತ್ತದಲ್ಲಿ ಆತೆ ಕಾಯುತ್ತಿದ್ದಳು. ನಮ್ಮ ಮನೆಯಲ್ಲಿ ಎಂದೂ ಉಡದ ಹೂವಿನ ಉಡುಪು, ತುಟಿಗೆ ತೆಳುವಾದ ಬಣ್ಣ. ಪಕ್ಕದಲ್ಲಿ ಆಕೆಯ ಮಗಳು. ಹದಿನೆಂಟು ತುಂಬಿದ ಹುಡುಗಿ, ನರ್ಸಿಂಗ್ ಕಾಲೇಜಿನ ಮೊದಲ ವರ್ಷ ಮುಗಿಸಿದ್ದಳು. ಆಕೆಯನ್ನು ಏನೆಂದು ಕರೆಯಬೇಕೆಂದು ನನ್ನ ಮಗಳು ಕೇಳಿದಳು. ‘ನಿನಗಿಂತ ದೊಡ್ಡವಳು. ಆದ್ದರಿಂದ ಅವಳೂ ಆತೆ’ ಎಂದಳು ಆತೆ. ಹೀಗೆ ಅಂದು ನಮ್ಮೊಡನೆ ಇಬ್ಬರು ಆತೆಯರಾದರು.

ಕಾರ್ಕಾರಿನ ಸಾರ್ವಜನಿಕ ಮಾರುಕಟ್ಟೆಯಲ್ಲಿ ಲೆಚೋನ್ ಮಾರುವವರದೇ ಒಂದು ಸಾಲಿದೆ. ಕಂದುಗೆಂಪು ಬಣ್ಣಕ್ಕೆ ತಿರುಗಿದ ಇಡೀ ಹಂದಿಗಳು ಮೇಜುಗಳ ಮೇಲೆ ಮಲಗಿರುತ್ತವೆ. ಬೇಕಾದಷ್ಟನ್ನು ತೋರಿಸಿದರೆ ಮಚ್ಚಿನಿಂದ ಕೊಚ್ಚಿ ತೂಗಿ ಕೊಡುತ್ತಾರೆ. ಹೊಟ್ಟೆಯೊಳಗೆ ಇಳಿದು ನಿಂತ ರಸವನ್ನೂ ಒಂದಿಷ್ಟು ಸೇರಿಸಿ ಕೊಡುತ್ತಾರೆ. ಮಾರುವವರೆಲ್ಲರೂ ರುಚಿ ನೋಡೆಂದು ಒಂದೊಂದು ಚೂರು ಮುಂದೆ ಚಾಚುತ್ತಾರೆ. ‘ಕಾಓನ್ ತಾ’ ಎಂಬ ಮಾತು ಎಲ್ಲ ಕಡೆಯಿಂದಲೂ ಕೇಳಿಬರುತ್ತದೆ. ಊಟ ಮಾಡೋಣ ಬನ್ನಿ ಎಂದು ಅದರ ಅರ್ಥ. ತಾನು ಉಣ್ಣುವಾಗ ಎದುರು ಬಂದವರನ್ನು ಹಾಗೆ ಕರೆಯದಿರುವುದು ಅಲ್ಲಿ ಮರ್ಯಾದೆಯಲ್ಲ. ಊಟ ಆಯಿತೇ ಎಂದು ಕೇಳದೆ ಮಾತು ಶುರುಮಾಡಲಾರದ ನಮಗೆ ಇದು ಹೊಸತೆನಿಸಲಿಲ್ಲ.

ಆತೆ ಯಾರ ಚೂರಿಗೂ ಕೈ ಚಾಚಲಿಲ್ಲ. ನೇರವಾಗಿ ಒಂದು ಅಂಗಡಿಗೆ ಹೋಗಿ, ಸೆಬುವಾನೋ ಭಾಷೆಯಲ್ಲಿ ಜೋರಾಗಿ ಏನನ್ನೋ ಹೇಳಿ, ಮಾರುವವನು ಕೊಚ್ಚಲು ಹೊರಟ ಭಾಗವನ್ನು ನಿರಾಕರಿಸಿ, ಪಕ್ಕೆಲುಬಿನ ಕಡೆಗೆ ಬೆರಳು ತೋರಿಸಿದಳು. ಅವನು ನಗುತ್ತ ಒಪ್ಪಿದ. ಆಕೆಯ ದನಿ ಅಷ್ಟು ದೊಡ್ಡದೆಂದು ನನಗೆ ತಿಳಿದದ್ದು ಅಂದೇ. ನಮ್ಮ ಮನೆಯ ಆತೆ ಮೆಲುದನಿಯವಳು.

ಉದ್ದನೆಯ ಬೆಂಚಿನಲ್ಲಿ ಕುಳಿತೆವು. ಲೆಚೋನ್ ಜೊತೆಗೆ ಅನ್ನ ಬಂದದ್ದು ತಟ್ಟೆಯಲ್ಲಲ್ಲ, ತೆಂಗಿನ ಎಳೆಯ ಗರಿಯಿಂದ ಹೆಣೆದ ಪುಟ್ಟ ಬುಟ್ಟಿಗಳಲ್ಲಿ. ಅದಕ್ಕೆ ಪುಸೊ ಎಂದು ಹೆಸರು. ಹೆಣೆದ ಗರಿಯೊಳಗೆ ಹಸಿ ಅಕ್ಕಿಯನ್ನು ಅರ್ಧದಷ್ಟು ತುಂಬಿ ಕುದಿಸುತ್ತಾರೆ. ಅಕ್ಕಿ ಅರಳಿ ಬುಟ್ಟಿಯ ಆಕಾರ ತಳೆಯುತ್ತದೆ. ಸಿಂಗಪುರದ ನಮಗೆ ಹರಿ ರಾಯ ಹಬ್ಬದ ಕೆತುಪತ್ ಗೊತ್ತು; ಇದು ಅದರ ಒಡಹುಟ್ಟು. ಕರಾವಳಿಯವರಿಗೆ ಹಲಸಿನೆಲೆಯ ಕೊಟ್ಟೆ ಕಡುಬೂ ಮೂಡೆಯೂ ನೆನಪಾಗದೆ ಇರವು. ನನ್ನ ಪತಿ ಒಂದನ್ನು ಸೀಳಿ, ಉಪ್ಪು ಮತ್ತು ಹುಳಿಯೊಡನೆ ಬಾಯಿಗಿಟ್ಟು, ಕಣ್ಣರಳಿಸಿ, ಒಂದರ ಮೇಲೊಂದರಂತೆ ಐದು ಪುಸೊ ಮುಗಿಸಿದರು. ಆತೆ ಅವರಿಗಾಗಿ ಮನೆಯಿಂದಲೇ ಒಂದು ಡಬ್ಬಿ ತಂದಿದ್ದಳು. ಮುಚ್ಚಳ ತೆಗೆದರೆ ಬದನೆಕಾಯಿ ಪಲ್ಯ, ಅತ್ತೆಯವರ ಕ್ರಮದ್ದು. ಸಾಸಿವೆ, ಕರಿಬೇವಿನ ಒಗ್ಗರಣೆಯೂ ಇತ್ತು. ಕರಿಬೇವು ಎಲ್ಲಿ ಸಿಕ್ಕಿತೆಂದು ಕೇಳಿದರೆ, ಸಿಂಗಪುರದಿಂದ ಹೊರಡುವಾಗ ಒಣಗಿಸಿ ತಂದದ್ದು ಇನ್ನೂ ಸ್ವಲ್ಪ ಉಳಿದಿದೆ ಎಂದಳು.

ಇನ್ನು ಲೆಚೋನ್. ಚರ್ಮ ಗಾಜಿನಂತೆ ಮುರಿಯುತ್ತದೆ. ಅದರ ಕೆಳಗಿನ ಕೊಬ್ಬು ನಾಲಗೆಯ ಮೇಲೆ ಕರಗುತ್ತದೆ. ಮಾಂಸದಲ್ಲಿ ಮಜ್ಜಿಗೆಹುಲ್ಲಿನ ಪರಿಮಳ ಎಲುಬಿನವರೆಗೂ ಇಳಿದಿರುತ್ತದೆ. ನಮ್ಮ ಪಂದಿಕರಿಯಲ್ಲಿ ಹುರಿದ ಮಸಾಲೆಯ ಕಪ್ಪಿನೊಳಗೆ ಹಂದಿ ಅಡಗಿ ಕುಳಿತರೆ, ಇಲ್ಲಿ ಮರೆಯೆಂಬುದೇ ಇಲ್ಲ. ಆದರೆ ಎರಡು ಊರಿನವರೂ ಒಂದು ಮಾತನ್ನು ಕಂಡುಕೊಂಡಿದ್ದಾರೆ: ಈ ಕೊಬ್ಬಿಗೆ ಹುಳಿ ಬೇಕೇಬೇಕು. ನಮ್ಮದು ಹಣ್ಣಿನ ರಸವನ್ನು ಬತ್ತಿಸಿ ಮಾಡಿದ ಕಾಚಂಪುಳಿ. ಅವರದು ತೆಂಗಿನ ಕಳ್ಳಿನಿಂದ ಮಾಡಿದ ಹುಳಿ, ಅದರಲ್ಲಿ ತೇಲುವ ಸೂಜಿಮೆಣಸು. ಮೂವತ್ತು ವರ್ಷಗಳ ಹಿಂದೆ ನನ್ನ ಅವ್ವ ಕಡಂಬುಟ್ಟಿಗೆ ಸಾರು ಸುರಿದು ಕೊಡುತ್ತಿದ್ದ ಬೆಳಗುಗಳ ಹಸಿವು ನನಗೆ ಅಂದು ಮರಳಿ ಬಂತು.

ಮೊದಲು ಬಡಿಸಿದವಳು ಆತೆಯೇ. ಅತ್ಯಂತ ಗರಿಗರಿಯಾದ ಚರ್ಮದ ತುಂಡನ್ನು ಆರಿಸಿ ತನ್ನ ಮಗಳ ಮುಂದಿಟ್ಟಳು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ದೋಸೆಯ ಮೊದಲ ಗರಿ ಅಂಚು, ಒಬ್ಬಟ್ಟಿನ ಮೊದಲ ಬಿಸಿ ತುಂಡು ನನ್ನ ಮಗಳ ತಟ್ಟೆಗೆ ಬೀಳುತ್ತಿದ್ದವು. ನನ್ನ ಮಗಳು ಅಭ್ಯಾಸಬಲದಿಂದ ತಟ್ಟೆಯನ್ನು ಅರ್ಧ ಮುಂದೆ ಮಾಡಿದ್ದಳು. ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಎರಡನೆಯ ತುಂಡು ಅವಳಿಗೆ ಬಂತು.

ಸ್ವಲ್ಪ ಹೊತ್ತಿನಲ್ಲಿ ಆಕೆಯ ಮಗಳು ತಾಯಿಯ ಮಾಂಸದ ಮೇಲೆ ಮೆಣಸಿನ ಹುಳಿಯನ್ನು ಸುರಿಯಲು ಬಟ್ಟಲೆತ್ತಿದಳು. ನನ್ನ ಮಗಳು ತಟ್ಟನೆ, ‘ಬೇಡ, ಆತೆಗೆ ಬೆಳಗ್ಗೆ ಖಾರ ಆಗದು, ಎದೆ ಉರಿಯುತ್ತದೆ’ ಎಂದಳು. ಬಟ್ಟಲು ಗಾಳಿಯಲ್ಲೇ ನಿಂತಿತು. ‘ನನಗೆ ಗೊತ್ತಿರಲಿಲ್ಲ’ ಎಂದಳು ಆಕೆಯ ಮಗಳು. ಸಿಟ್ಟಿನಿಂದಲ್ಲ, ಪಾಠ ಹೇಳುವವರೆದುರು ವಿದ್ಯಾರ್ಥಿನಿಯೊಬ್ಬಳು ಹೇಳುವಂತೆ. ಆತೆ ಅವಳ ಕೈಯಿಂದ ಬಟ್ಟಲನ್ನು ತೆಗೆದುಕೊಂಡು, ತಾನೇ ತನ್ನ ತಟ್ಟೆಗೆ ಧಾರಾಳವಾಗಿ ಸುರಿದುಕೊಂಡು, ‘ಇಲ್ಲಿ ಏನೂ ಆಗುವುದಿಲ್ಲ’ ಎಂದು ತಿನ್ನತೊಡಗಿದಳು. ಮೂರು ತುತ್ತಾಗುವಷ್ಟರಲ್ಲಿ ಆಕೆಯ ಕಣ್ಣಲ್ಲಿ ನೀರಿತ್ತು. ಮೆಣಸಿನದೇ ಇರಬೇಕೆಂದು ನಾವೆಲ್ಲ ಒಪ್ಪಿಕೊಂಡೆವು.

ಆಕೆ ನಮ್ಮ ಮನೆಗೆ ಬಂದಾಗ ಆ ಹುಡುಗಿಗೆ ಐದು ವರ್ಷ. ಹನ್ನೊಂದು ವರ್ಷಗಳಲ್ಲಿ ಆಕೆ ಊರಿಗೆ ಹೋಗಿಬಂದದ್ದು ಐದು ಬಾರಿ, ಒಂದೊಂದು ಸಲವೂ ಎರಡು ಮೂರು ವಾರ. ನಾವೂ ದುಡಿಮೆಗಾಗಿ ಊರು ಬಿಟ್ಟವರೇ. ನಮ್ಮ ಸಂಘದ ಪ್ರತಿ ಸಭೆಯಲ್ಲೂ ಆ ನೋವನ್ನು ಹಾಡುತ್ತೇವೆ, ಭಾಷಣದಲ್ಲಿ ನೆನೆಯುತ್ತೇವೆ. ಆದರೆ ನಾವು ಮಕ್ಕಳನ್ನು ಕರೆತಂದು ಜೊತೆಯಲ್ಲಿ ಸಾಕಿದೆವು. ಮನೆಗೆಲಸದವರ ಪರವಾನಗಿಯಲ್ಲಿ ಮಕ್ಕಳನ್ನು ಕರೆತರುವ ಅವಕಾಶವಿಲ್ಲ. ಎರಡೂ ವಲಸೆಯೇ ಆದರೂ ಎರಡಕ್ಕೂ ಒಂದೇ ಹೆಸರು ಸಾಲದೆಂದು ನನಗೆ ಆ ಬೆಂಚಿನ ಮೇಲೆ ಕುಳಿತಾಗ ಅನ್ನಿಸಿತು. ನನ್ನ ಮಗಳಿಗೆ ಇಬ್ಬರು ತಾಯಂದಿರ ಆರೈಕೆ ಸಿಕ್ಕಿತೆಂದು ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಆ ಎರಡನೆಯ ಪಾಲು ಎಲ್ಲಿಂದ ಬಂತೆಂಬುದು ಅಂದು ಎದುರಿನ ಬೆಂಚಿನಲ್ಲಿ ಕುಳಿತು ಎಲುಬು ಚೀಪುತ್ತಿತ್ತು.

ಊಟದ ನಡುವೆ ಹಂದಿಗಳ ಮಾತು ಬಂತು. ಸಿಂಗಪುರದಲ್ಲಿ ಉಳಿಸಿದ ಹಣದಲ್ಲಿ ಆತೆ ಮನೆಗೆ ಹೊಸ ಮಾಡು ಹಾಕಿಸಿ, ತಮ್ಮನೊಡನೆ ಸೇರಿ ಹದಿನಾಲ್ಕು ಹಂದಿಗಳನ್ನು ಸಾಕಿದ್ದಳು. ಹಬ್ಬಗಳ ಕಾಲಕ್ಕೆ ಲೆಚೋನ್ ಸುಡುವವರಿಗೆ ಮಾರುವುದು ಆಲೋಚನೆ. ಆಫ್ರಿಕನ್ ಹಂದಿಜ್ವರ ಫಿಲಿಪೀನ್ಸಿಗೆ ಕಾಲಿಟ್ಟದ್ದು 2019ರಲ್ಲಿ. ಸೆಬು ಬಹುಕಾಲ ಅದನ್ನು ಹೊರಗಿಟ್ಟಿತ್ತು. 2023ರ ಆರಂಭದಲ್ಲಿ ದ್ವೀಪದಲ್ಲಿ ಅದು ಮೊದಲು ಪತ್ತೆಯಾದದ್ದು ಕಾರ್ಕಾರಿನಲ್ಲೇ. ಆ ರೋಗ ಮನುಷ್ಯರಿಗೆ ತಗುಲುವುದಿಲ್ಲ, ಹಂದಿಗಳನ್ನು ಉಳಿಸುವುದಿಲ್ಲ. ಆತೆಯ ಹದಿನಾಲ್ಕೂ ಹೋದವು. ಹೂಳಲು ಗುಂಡಿ ತೋಡಿದ್ದು ಮನೆಯ ಹಿಂದೆಯೇ. ಈಗ ಅಲ್ಲಿ ಬಾಳೆ ನೆಟ್ಟಿದ್ದಾಳೆ. ಹೇಳುವಾಗ ಆಕೆಯ ದನಿ ನಮ್ಮ ಮನೆಯ ದನಿಯಾಗಿತ್ತು, ಮೆಲ್ಲಗೆ.

‘ಈಗೇನು ಮಾಡುತ್ತೀ?’ ಎಂದು ಕೇಳಿದೆ. ಆಕೆ ನನ್ನ ಪತಿಯ ಮುಂದೆ ರಾಶಿಬಿದ್ದ ಖಾಲಿ ಪುಸೊ ಗರಿಗಳನ್ನು ತೋರಿಸಿದಳು. ಬೆಳಗಿನ ಜಾವ ಮೂರಕ್ಕೆದ್ದು ತಾಯಿಯೂ ಆಕೆಯೂ ಬೇಯಿಸುತ್ತಾರೆ. ಹೆಣೆಯುವ ಕೆಲಸ ಹಿಂದಿನ ಸಂಜೆಯೇ. ಆ ಸಾಲಿನ ಕೆಲವು ಅಂಗಡಿಗಳಿಗೆ ಪುಸೊ ಹೋಗುವುದು ಆಕೆಯ ಮನೆಯಿಂದ. ನಾವು ಉಂಡದ್ದೂ ಅದನ್ನೇ. ‘ಹಾಂಗ್‌ಕಾಂಗಿಗೆ ಹೋಗುತ್ತೀಯಾ ಎಂದು ಏಜೆಂಟ್ ಕೇಳುತ್ತಿದ್ದಾನೆ, ಮ್ಯಾಮ್. ಕಾಲೇಜಿನ ಶುಲ್ಕ ಇನ್ನೂ ಮೂರು ವರ್ಷ ಕಟ್ಟಬೇಕು’ ಎಂದಳು. ಆಕೆಯ ಮಗಳು ತಲೆಯೆತ್ತದೆ ಇಂಗ್ಲಿಷಿನಲ್ಲಿ ಹೇಳಿದಳು: ‘ಅಮ್ಮ ಹೋಗುವುದಿಲ್ಲ. ಇನ್ನು ಹೋಗುವವಳು ನಾನು.’ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶುಲ್ಕದ ಮಾತನ್ನು ನಾನೂ ನನ್ನ ಪತಿಯೂ ಆಮೇಲೆ ಆತೆಯೊಬ್ಬಳೊಡನೆ ಆಡಿದೆವು. ಅದು ಇಲ್ಲಿ ಬೇಡ.

ಎದ್ದು ಹೊರಡುವ ಮುನ್ನ ಹಣ ಕೊಡುವ ಹೊತ್ತಿಗೆ ನನ್ನ ಪತಿ ಪರ್ಸಿಗೆ ಕೈಹಾಕಿದರು. ಆತೆ ಆ ಕೈಯನ್ನು ಹಿಡಿದೇ ಬಿಟ್ಟಳು. ಹನ್ನೊಂದು ವರ್ಷಗಳಲ್ಲಿ ಆಕೆ ಅವರ ಕೈ ಮುಟ್ಟಿದ್ದಿಲ್ಲ. ‘ಸರ್, ಇದು ನನ್ನ ಊರು’ ಎಂದಳು. ಪತಿ ನನ್ನತ್ತ ನೋಡಿದರು, ನಾನು ತಲೆಯಾಡಿಸಿದೆ. ನಮ್ಮಲ್ಲಿ ಅನ್ನದ ಋಣದ ಮಾತು ಬಹಳ. ಋಣ ತೀರಿಸುವುದಕ್ಕೆ ಕೆಲವೊಮ್ಮೆ ಕೊಡುವುದು ದಾರಿಯಲ್ಲ. ಅವರು ಕೊಟ್ಟದ್ದನ್ನು ಕುಳಿತು ಉಣ್ಣುವುದೇ ದಾರಿ. ಆಕೆ ಸೊಂಟದ ಚೀಲದಿಂದ ನೋಟುಗಳನ್ನು ಎಣಿಸಿ ಕೊಟ್ಟಳು. ಆಮೇಲೆ ಉಳಿದ ಮಾಂಸವನ್ನು ನನ್ನ ಎಲೆಗೆ ಸರಿಸುತ್ತ, ಅಪ್ಪಟ ಒಂಟಿಕೊಪ್ಪಲಿನ ಕನ್ನಡದಲ್ಲಿ, ‘ಇನ್ನೊಂಚೂರು ಹಾಕ್ಕೋ, ಏನೂ ಆಗಲ್ಲ’ ಎಂದಳು. ಅತ್ತೆಯವರು ನನಗೆ ಅನ್ನುತ್ತಿದ್ದ ಮಾತು, ಅವರದೇ ಏಕವಚನ, ಅವರದೇ ರಾಗ. ಮಡಿಯುಟ್ಟು ಅಡುಗೆ ಮಾಡುತ್ತಿದ್ದ ಆ ಹಿರಿಯ ಜೀವದ ಮಾತು ಹಂದಿಮಾಂಸದ ಮಾರುಕಟ್ಟೆಯಲ್ಲಿ ಕೇಳಿಸಿದ್ದಕ್ಕೆ ಅವರು ಏನನ್ನುತ್ತಿದ್ದರೋ. ನಕ್ಕಿರುತ್ತಿದ್ದರೆಂದೇ ನನ್ನ ನಂಬಿಕೆ. ನನ್ನ ಪತಿ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಆ ವಾರ ನಮ್ಮ ಮಗಳು ಆತೆಯ ಮನೆಯಲ್ಲಿ ಪುಸೊ ಹೆಣೆಯುವುದನ್ನು ದೊಡ್ಡ ಹುಡುಗಿಯಿಂದ ಕಲಿಯಲು ಕುಳಿತಳು. ಅವಳದು ಬಿಚ್ಚಿಹೋಗುತ್ತಿತ್ತು, ಆತೆಯ ಮಗಳು ಮತ್ತೆ ಮತ್ತೆ ಬಿಚ್ಚಿ ಕಟ್ಟಿಸಿದಳು. ಈಗ ಅವರಿಬ್ಬರೂ ಫೋನಿನಲ್ಲಿ ಪರಸ್ಪರ ಸಂದೇಶ ಕಳುಹಿಸಿಕೊಳ್ಳುತ್ತಾರೆ. ಆತೆಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬ ಪಟ್ಟಿಯೊಂದು ಇಲ್ಲಿಂದ ಅಲ್ಲಿಗೆ ಹೋಗಿದೆಯೆಂದು ಕೇಳಿದ್ದೇನೆ. ಹಾಂಗ್‌ಕಾಂಗಿನ ಕಾಗದಗಳಿಗೆ ಆತೆ ಇದುವರೆಗೆ ಸಹಿ ಹಾಕಿಲ್ಲ. ಅಂಗಳದ ಕೊಟ್ಟಿಗೆಯಲ್ಲಿ ಮತ್ತೆ ಎರಡು ಹಂದಿಮರಿಗಳಿವೆ.

ನಮ್ಮ ಸಂಘದವರು ಸೆಬುವಿಗೆ ಹೋಗುವುದು ಹೆಚ್ಚಾಗಿ ಕಡಲತೀರಕ್ಕಾಗಿ. ಹೋದಾಗ ಒಂದು ಬೆಳಗನ್ನು ಕಾರ್ಕಾರಿಗೆ ಉಳಿಸಿಕೊಳ್ಳಿ. ಮಾಂಸ ತಿನ್ನುವವರು ಬೇಗನೆ ಹೋಗಿ. ಹೊತ್ತೇರಿದರೆ ಚರ್ಮ ಮೆತ್ತಗಾಗುತ್ತದೆ. ಪಕ್ಕೆಲುಬಿನ ಭಾಗವನ್ನು ಕೇಳಿ. ತಿನ್ನದವರಿಗೆ ಪುಸೊ ಇದೆ. ನಮ್ಮ ಪುರಿಯುಂಡೆಯ ನೆಂಟನಾದ ಆಂಪಾವ್ ಎಂಬ ಸಿಹಿಯೂ ಇದೆ. ಯಾರಾದರೂ ‘ಕಾಓನ್ ತಾ’ ಎಂದು ಕರೆದರೆ ಹಸಿವಿಲ್ಲವೆನ್ನದೆ ಒಂದು ನಿಮಿಷ ಕುಳಿತುಕೊಳ್ಳಿ. ಪುಸೊ ಬಿಚ್ಚುವಾಗ ಗರಿಯ ಹೆಣಿಗೆಯನ್ನು ಸ್ವಲ್ಪ ನೋಡಿ. ಒಂದು ಕಡೆ ಸಡಿಲವಾಗಿದ್ದರೆ, ಅದನ್ನು ಹೆಣೆದವಳು ಬಹುಶಃ ನರ್ಸಿಂಗ್ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಓದುತ್ತಲೇ ಹೆಣೆದಿರುತ್ತಾಳೆ.